ವಸ್ತಿ ಬಸ್ಸಿಗೆ ಹತ್ತೊಂಬತ್ತು ಮಂದಿ

ಕೊಪ್ಪಳದ ನಮ್ಮ ಕಾಲೇಜಿನಲ್ಲಿ ಗಂಟೆ ಹೊಡೆಯುವವರು ಕನಕಮ್ಮ. ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡಿಗೆ ಇಪ್ಪತ್ತೆರಡು ವರ್ಷದಿಂದ ಅವರೇ ಸುತ್ತಿಗೆ ಹಾಕುತ್ತ ಬಂದಿದ್ದಾರೆ. ಚಹಾ ತರುವುದು, ಫೈಲು ಒಯ್ಯುವುದು, ಪ್ರಾಂಶುಪಾಲರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವುದು ಉಳಿದ ಕೆಲಸ. ನಾನು ಕಾಶಿನಾಥ, ಅಳವಂಡಿಯವನು, ಅದೇ ಆಫೀಸಿನ ಗುಮಾಸ್ತ. ಹನ್ನೊಂದು ವರ್ಷ ಒಂದೇ ಕಟ್ಟಡದಲ್ಲಿದ್ದೂ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಗಂಡ ಇಲ್ಲೇ ವಾಚ್‌ಮನ್ ಆಗಿದ್ದ, ತೀರಿಕೊಂಡ, ಆ ನೌಕರಿ ಇವರಿಗೆ ಬಂತು. ಅವರು ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರಿಗೆ ‘ನೀನು’ ಅನ್ನುತ್ತಿದ್ದೆ. ಬರೆಯಲು ನಾಚಿಕೆ, ಆದರೆ ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ.

ಇನ್ನೊಂದು ತಪ್ಪನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮುಂಗೋಪಿ. ಫಾರ್ಮು ತಪ್ಪು ತುಂಬಿಕೊಂಡು ಬಂದ ಹುಡುಗಿಯರಿಗೆ ನಾನು ಒಗೆಯುತ್ತಿದ್ದ ಮಾತು ಒಂದೇ: “ಇಷ್ಟೂ ಬರದಿದ್ರ ಕುರಿ ಕಾಯಾಕ ಹೋಗ್ರಿ!” ಕನಕಮ್ಮ ಅಲ್ಲೇ ಬಾಗಿಲಲ್ಲಿ ಕೂತು ಅದನ್ನು ಕೇಳುತ್ತಿದ್ದರು.

ಕಳೆದ ಚಳಿಗಾಲದಲ್ಲಿ ನಮ್ಮ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ ಮುಬಾಶಿರಾ ಮೇಡಂ ತಮ್ಮ ಸ್ಕೌಟ್ಸ್-ಗೈಡ್ಸ್ ರೇಂಜರ್ ತಂಡದ ಹತ್ತೊಂಬತ್ತು ಹುಡುಗಿಯರನ್ನು ಊರ ಹೊರಗೆ ಎರಡು ರಾತ್ರಿ ಬಯಲಲ್ಲಿ ಇರಿಸಬೇಕು ಅಂತ ಹಟ ಹಿಡಿದರು. ಪ್ರಾಂಶುಪಾಲರಿಗೆ ಕ್ಯಾಂಪು ಅಂದರೆ ಭಯ. ಹಿಂದಿನ ವರ್ಷ ಪ್ರವಾಸಕ್ಕೆ ತಂದ ಬಾಡಿಗೆ ಗಾಡಿ ಕುಷ್ಟಗಿ ದಾಟಿ ಹೆದ್ದಾರಿಯಲ್ಲಿ ಕೆಟ್ಟು ನಿಂತು, ತಂದೆತಾಯಿಗಳ ಫೋನಿಗೆ ಉತ್ತರ ಕೊಟ್ಟು ಕೊಟ್ಟು ಅವರ ದನಿಯೇ ಬಿದ್ದುಹೋಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ‘ಇಲ್ಲ’ ಅನ್ನದೆ ಒಂದು ಕರಾರು ಹಾಕಿದರು.

“ಬಾಡಿಗಿ ಗಾಡಿ ಬ್ಯಾಡ, ಯಾರ ಕಾರೂ ಬ್ಯಾಡ. ಸರಕಾರಿ ಬಸ್ಸಿನಾಗ ಹೋಗ್ರಿ, ಸರಕಾರಿ ಬಸ್ಸಿನಾಗ ಬರ್ರಿ. ಸೋಮವಾರ ಹತ್ತರ ಗಂಟಿ ಹೊಡಿಯೂದ್ರೊಳಗ ಹತ್ತೊಂಬತ್ತೂ ಮಂದಿ ಯೂನಿಫಾರ್ಮಿನಾಗ ಈ ಗೇಟಿನ ಒಳಗ ಇರಬೇಕು. ಒಬ್ಬಾಕಿ ತಪ್ಪಿದ್ರೂ ಮುಂದ ಈ ಕಾಲೇಜಿನಾಗ ಕ್ಯಾಂಪು ಅನ್ನೂ ಶಬ್ದ ನನ್ನ ಕಿವಿಗೆ ಬೀಳಬಾರದು.”

ಅತಿಥಿ ಉಪನ್ಯಾಸಕಿಯ ಸಹಿ ನಡೆಯುವುದಿಲ್ಲವೆಂದು ಶಿಬಿರದ ಉಸ್ತುವಾರಿ ಅಂತ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಸಿದರು. ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಊಟದ ಡಬ್ಬಿ ಬಿಚ್ಚಿದ್ದರು.

ಮರುದಿನ ಸ್ಟಾಫ್ ರೂಮಿನಲ್ಲಿ ಮುಬಾಶಿರಾ ಮೇಡಂ ಮೊಬೈಲು ನೋಡಿ ಒಯ್ಯಬೇಕಾದ ಸಾಮಾನು ಓದತೊಡಗಿದರು. ಟೆಂಟು, ಮಲಗುವ ಚೀಲ, ಮಡಚುವ ಕುರ್ಚಿ, ಗ್ಯಾಸಿನ ಒಲೆ, ಹಣೆಗೆ ಕಟ್ಟುವ ಬ್ಯಾಟರಿ. ನಲವತ್ತಮೂರು ಸಾಮಾನು. ಇದೆಲ್ಲ ಕಾರಿನ ಡಿಕ್ಕಿ ಇದ್ದವರ ಪಟ್ಟಿ ಅಂತ ನನಗೂ ಅನಿಸಿತು. ಚಹಾದ ಕಪ್ಪು ಇಡುತ್ತಿದ್ದ ಕನಕಮ್ಮ ಬಾಯಿ ಬಿಟ್ಟರು.

“ಮೇಡಮ್ಮಾರ, ಇಷ್ಟೆಲ್ಲಾ ಹೊತಗೊಂಡು ನಿಂದ್ರಾಕ ಬರತೈತ್ರಿ. ನಡಿಯಾಕ ಬರಂಗಿಲ್ಲ.”

“ನಿನಗೇನ ಗೊತ್ತ ಕನಕಮ್ಮ ಕ್ಯಾಂಪಿಂದು?” ಅಂದೆ ನಾನು.

“ಹತ್ತೊಂಬತ್ತು ವರ್ಷ ಅದನ್ನ ಮಾಡೀನ್ರಿ ಸರ. ನೀವು ಅದಕ್ಕ ಕ್ಯಾಂಪು ಅಂತೀರಿ. ನಾವು ಸಂಸಾರ ಅಂತಿದ್ವಿ.”

ಹಾಗೆ ಹೊರಬಿತ್ತು. ಕನಕಮ್ಮ ಬೇವೂರು ಕಡೆಯ ಕುರಿಗಾರರ ಮಗಳು. ಹುಟ್ಟಿದ್ದು ಗಂಗಾವತಿಯ ಭತ್ತದ ಗದ್ದೆಗಳಲ್ಲಿ, ಕೊಯ್ಲು ಮುಗಿದ ಮೇಲೆ ಅಪ್ಪ ಹಾಕಿದ್ದ ಕುರಿಹಟ್ಟಿಯಲ್ಲಿ. ಮಳೆಗಾಲಕ್ಕೆ ಯಲಬುರ್ಗಾ ಕಡೆಯ ಕಲ್ಲುನೆಲದ ಮಡ್ಡಿ, ಬೇಸಿಗೆಗೆ ಕಾಲುವೆ ಸೀಮೆ, ನಡುವೆ ಯಾರ ಹೊಲದವರು ಗೊಬ್ಬರಕ್ಕೆ ಕರೆಯುತ್ತಾರೋ ಅವರ ಹೊಲ. ಮದುವೆಯಾಗಿ ಕೊಪ್ಪಳಕ್ಕೆ ಬರುವತನಕ ಒಂದೇ ನೆಲದ ಮೇಲೆ ಹತ್ತು ರಾತ್ರಿ ಮಲಗಿದವರಲ್ಲ. ಮನೆಯೆಲ್ಲ ಒಂದು ಕುದುರೆಯ ಬೆನ್ನಿನ ಮೇಲೆ ಹೋಗುತ್ತಿತ್ತಂತೆ.

ಮೇಡಂ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಕುರ್ಚಿ ಎಳೆದು, “ಕೂಡ್ರಿ ಕನಕಮ್ಮ. ಹೆಂಗ ಮಾಡೂಣು ಹೇಳ್ರಿ,” ಅಂದರು. ಸ್ಟಾಫ್ ರೂಮಿನ ಕುರ್ಚಿಯ ಮೇಲೆ ಅವರು ಕೂತದ್ದನ್ನು ನಾನು ಮೊದಲ ಸಲ ನೋಡಿದೆ.

ಅವರು ಶುರುಮಾಡಿದ್ದು ಸಾಮಾನಿನಿಂದ ಅಲ್ಲ, ಬಸ್ಸಿನಿಂದ. ನಮ್ಮ ಕಡೆ ಹಳ್ಳಿಗೆ ಸಂಜೆ ಹೋಗಿ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಆರಕ್ಕೆ ವಾಪಸು ಹೊರಡುವ ಬಸ್ಸಿಗೆ ವಸ್ತಿ ಬಸ್ಸು ಅನ್ನುತ್ತಾರೆ. ಬೇವೂರು ದಾಟಿ ಒಂದು ಹಳ್ಳಿಗೆ ಅಂಥ ಬಸ್ಸೊಂದು ಯಲಬುರ್ಗಾದಿಂದ ಹೋಗುತ್ತದೆ. “ಶನಿವಾರ ಸಂಜಿಕ ಅದರಾಗ ಹೋಗೂದು, ಸೋಮವಾರ ಮುಂಜಾನೆ ಅದರಾಗ ಬರೂದು. ಬಸ್ಸೂ ವಸ್ತಿ, ನಾವೂ ವಸ್ತಿ. ಅದು ರಾತ್ರಿ ಅಲ್ಲೇ ಇರತೈತಿ ಅಂದ್ರ ಮುಂಜಾನೆ ತಪ್ಪೂ ಮಾತ ಇಲ್ರಿ.” ನಾನು ಟೈಮ್ ಟೇಬಲ್ ತಿರುವಿ ನೋಡಿದೆ. ಯಲಬುರ್ಗಾ ಏಳೂವರೆ, ಅಲ್ಲಿಂದ ಎಂಟರ ಬಸ್ಸು, ಒಂಬತ್ತೂವರೆಗೆ ಕೊಪ್ಪಳ. ಸರಿಯಾಗಿತ್ತು. ಸಿಟ್ಟು ಬಂತು.

ಆಮೇಲೆ, “ಕುರಿ ಹೊಡಕೊಂಡು ಹೋಗೂ ಮೊದಲ ಒಬ್ಬರು ಮುಂದ ಹೋಗಿ ನೀರು, ನೆಲ ನೋಡಿ ಬರತೀವ್ರಿ,” ಅಂದರು. ಉಸ್ತುವಾರಿ ನಾನಾದ್ದರಿಂದ ಮುಂದಿನ ಭಾನುವಾರ ನಾನೂ ಅವರ ಜೊತೆ ಹೋಗಬೇಕಾಯಿತು. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತ. ಇಡೀ ಬಸ್ಸಿನಲ್ಲಿ ದುಡ್ಡು ಕೊಟ್ಟು ಟಿಕೇಟು ತೆಗೆದವರೆಂದರೆ ನಾನು, ಒಬ್ಬ ಮುದುಕ ಮತ್ತು ಅವನ ಹುಂಜ. ಕನಕಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು. ಕುಕನೂರು ದಾಟಿದ ಮೇಲೆ ತಿರುಗದೆಯೇ ಕೇಳಿದರು.

“ಸರ, ಕುರಿ ಕಾಯಾಕ ಹೋಗ್ರಿ ಅಂತ ಹುಡುಗ್ಯಾರಿಗೆ ಬೈತೀರಲ್ರಿ. ಅದೇನ ಹಗರ ಕೆಲಸ ಅಂತ ತಿಳದೀರೇನು?”

ನಾನು ಕೈಯಲ್ಲಿದ್ದ ಟಿಕೇಟನ್ನು ಮಡಚತೊಡಗಿದೆ.

“ನಮ್ಮಪ್ಪ ಮುನ್ನೂರು ಕುರಿ ಮೇಸ್ತಿದ್ದ. ಮಳಿ ಎತ್ತಾಗಿಂದ ಬರತೈತಿ, ಯಾವ ಹೊಲದಾಗ ಹುಳದ ಎಣ್ಣಿ ಹೊಡದಾರ, ಯಾವ ಹಳ್ಳದಾಗ ನೀರ ಸೆಲಿ ಐತಿ, ಎಲ್ಲಾ ತೆಲಿಯಾಗ. ಒಂದ ದಿನ ತಪ್ಪಿದ್ರ ಕುರಿ ಸಾಯತಾವ. ನಿಮ್ಮ ಫಾರ್ಮ್ ತಪ್ಪಿದ್ರ ಇನ್ನೊಂದು ತಗೊಂಡು ತುಂಬತಾರ.”

ಆ ಮೇಲೆ ಯಲಬುರ್ಗಾ ಬರುವವರೆಗೆ ನಾನು ಹುಂಜವನ್ನು ನೋಡುತ್ತ ಕೂತೆ.

ಯಲಬುರ್ಗಾದಲ್ಲಿ ಬೇರೆ ಬಸ್ಸು ಹಿಡಿದು, ಆ ಹಳ್ಳಿಯಲ್ಲಿ ಇಳಿದು ಒಂದು ಮೈಲಿ ನಡೆದ ಮೇಲೆ ಜಿಲಾನಸಾಬರ ಹೊಲ ಬಂತು. ಅಲ್ಲಿ ಕನಕಮ್ಮನ ಅಪ್ಪ ವರ್ಷಕ್ಕೊಮ್ಮೆ ಗೊಬ್ಬರಕ್ಕೆ ಕುರಿ ತರುಬಿ ನಿಲ್ಲಿಸುತ್ತಿದ್ದರಂತೆ. ಜಿಲಾನಸಾಬರಿಗೆ ಈಗ ಎಪ್ಪತ್ತರ ಹತ್ತಿರ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

“ಹಾಲಪ್ಪನ ಮಗಳಲ್ಲೇನವ್ವಾ ನೀ? ನಡಿಗಿ ನೋಡಿದ್ರ ಗೊತ್ತಾಗತೈತಿ.”

ಬಂದ ಕಾರಣ ಹೇಳಿದಾಗ ಅವರು ನಕ್ಕರು. “ಮುನ್ನೂರ ಕುರಿ ಮಲಗಿದ ನೆಲ. ಹತ್ತೊಂಬತ್ತ ಹುಡುಗ್ಯಾರು ಮಲಗಿದ್ರ ಸವದ ಹೋಗತೈತೇನು? ನಮ್ಮನಿ ಜುಬೇದಾಬೀ ಅದಾಳ, ಹೆಣ್ಣಮಕ್ಕಳಿಗೆ ಏನ ಬೇಕಾದ್ರೂ ನೋಡಕೋತಾಳ.” ನೆರಳಿರುವ ಕರಿಮಣ್ಣಿನ ಬದುವನ್ನು ನಾನು ತೋರಿಸಿದೆ. ಕನಕಮ್ಮ ಬೇಡ ಅಂದರು. ಒಂದು ಹನಿ ಬಿದ್ದರೂ ಎರೆಮಣ್ಣು ಕಾಲಿಗೆ ಅಂಟುತ್ತದೆ, ತಗ್ಗಿನಲ್ಲಿ ಚಳಿ ಕೂರುತ್ತದೆ. ಅವರು ಆರಿಸಿದ್ದು ಬೋರ್‌ವೆಲ್ ಪಕ್ಕದ ಕೆಂಪು ಮಡ್ಡಿ, ಗಾಳಿಗೆ ಬೆನ್ನು ಕೊಟ್ಟ ಇಳಿಜಾರು. ಅಂಗೈ ಅಗಲದ ಕಲ್ಲುಗಳನ್ನು ಅವರು ಅವತ್ತೇ ಆಯ್ದು ಬದಿಗೆ ಹಾಕಿದರು. ನನ್ನ ಕೈಗೂ ಹಚ್ಚಿದರು.

ಹೊರಡುವ ಹಿಂದಿನ ದಿನ, ಶುಕ್ರವಾರ ಸಂಜೆ, ಕಾಲೇಜಿನ ಮೈದಾನದಲ್ಲಿ ತಯಾರಿ. ಪ್ರತಿಯೊಬ್ಬ ಹುಡುಗಿಯೂ ತನ್ನ ಚೀಲ ಹೊತ್ತು ಮೈದಾನಕ್ಕೆ ಮೂರು ಸುತ್ತು ನಡೆಯಬೇಕು. “ಮೂರನೇ ಸುತ್ತಿನಾಗ ಯಾವ ಸಾಮಾನಿಗೆ ಬೈತೀರಿ, ಅದನ್ನ ತಗದ ಮನಿಗೆ ಕಳಸ್ರಿ,” ಅಂದರು ಕನಕಮ್ಮ. ಹುಡುಗಿಯರು ನಕ್ಕರು, ನಡೆದರು, ಆಮೇಲೆ ನಗಲಿಲ್ಲ. ಸುರೇಖಾ ಅನ್ನುವವಳ ಚೀಲದಿಂದ ಇಸ್ತ್ರಿ ಪೆಟ್ಟಿಗೆ ಹೊರಬಂತು. ಜಾಸ್ಮೀನ ತಂದಿದ್ದು ಐದು ಜೊತೆ ಬಟ್ಟೆ, ಒಂದು ದಿಂಬು, ಎರಡು ಕನ್ನಡಿ. ನಲವತ್ತಮೂರು ಸಾಮಾನಿನಲ್ಲಿ ಕೊನೆಗೆ ಉಳಿದದ್ದು ಒಬ್ಬೊಬ್ಬರಿಗೆ ಒಂದು ಹೊದಿಕೆ, ತಟ್ಟೆ, ಲೋಟ, ಒಂದು ಜೊತೆ ಬಟ್ಟೆ. ಎಲ್ಲರಿಗೂ ಸೇರಿ ನಾಲ್ಕು ತಾಡಪತ್ರಿ, ಹಗ್ಗ, ನಾಲ್ಕು ಬ್ಯಾಟರಿ, ಔಷಧಿ ಡಬ್ಬಿ. ಒಲೆ ಬೇಡವೇ ಬೇಡ. ಊಟಕ್ಕೆ ಒಣಗಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂತ ಎರಡು ಚಟ್ನಿಪುಡಿ, ಉಳ್ಳಾಗಡ್ಡಿ. ಮೊಸರು ಜುಬೇದಾಬೀ ಕೊಡುತ್ತಾರೆ.

ಹುಡುಗಿಯರು ಸುತ್ತು ಹಾಕುವಾಗ ಕನಕಮ್ಮ ಕಲ್ಲಿನ ಮೇಲೆ ಕೂತು ಒಬ್ಬೊಬ್ಬರನ್ನೂ ನೋಡುತ್ತಿದ್ದರು. ಕಾಲು ನೋವಿಗೆ ಕೂತಿದ್ದಾರೆ ಅಂದುಕೊಂಡೆ. ಪಕ್ಕದಲ್ಲಿ ಅವರಪ್ಪನ ಕರಿ ಕಂಬಳಿ ಮಡಚಿಟ್ಟಿತ್ತು. ಯಾರೋ ಅದರ ಮೇಲೆ ಬೂಟು ಇಡಲು ಹೋದಾಗ ಗದರಿದರು.

“ಅದರ ಮ್ಯಾಲ ಬ್ಯಾಡವ್ವಾ. ನಮ್ಮ ಹಾಲುಮತದವರಿಗೆ ಕಂಬಳಿ ಅಂದ್ರ ದೇವರ ಗದ್ದಿಗಿ. ಹೊದಿಯಾಕೂ ಅದ, ಕೈ ಮುಗಿಯಾಕೂ ಅದ.”

ನಾನು ತಲೆ ಎಣಿಸಿ ರಿಜಿಸ್ಟರಿನಲ್ಲಿ 19 ಅಂತ ಬರೆದೆ. ದಿನಕ್ಕೆ ಎರಡು ಸಲ ಎಣಿಸಿ ಬರೆಯಬೇಕೆಂದು ಪ್ರಾಂಶುಪಾಲರ ಆಜ್ಞೆ.

“ನಿಮ್ಮಪ್ಪ ಮುನ್ನೂರನ್ನೂ ದಿನಾ ಎಣಿಸ್ತಿದ್ದನೇನು?” ಅಂತ ಕೆಣಕಿದೆ.

“ಎಣಿಸ್ತಿದ್ದಿಲ್ರಿ. ಎಣಿಸಿದ್ರ ಮುನ್ನೂರು ಅದಾವ ಅಂತ ತಿಳೀತೈತಿ. ಯಾವ ಮುನ್ನೂರು ಅಂತ ತಿಳಿಯಂಗಿಲ್ಲ. ಒಂದೊಂದರ ಮಾರಿ ನೋಡಬೇಕ್ರಿ.”

ಕುರಿಯ ಮುಖ ನೋಡುವುದಂತೆ, ಒಳ್ಳೆಯ ವೇದಾಂತ ಅಂತ ಮನಸ್ಸಿನಲ್ಲೇ ನಕ್ಕೆ.

ಆ ಎರಡು ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಯಾಕೆಂದರೆ ಎಲ್ಲವೂ ಹೇಳಿದ ಹಾಗೇ ನಡೆಯಿತು. ತಾಡಪತ್ರಿಯ ಕೆಳಗೆ ಗಾಳಿ ಬರಲಿಲ್ಲ. ಭಾನುವಾರ ಮಧ್ಯಾಹ್ನ ಜಿಲಾನಸಾಬರು ಜೋಳದ ಹಸಿ ತೆನೆ ಸುಟ್ಟು, ತಿಕ್ಕಿ, ಸೀತನಿ ಕೊಟ್ಟರು. ಕೊಪ್ಪಳದಲ್ಲೇ ಹುಟ್ಟಿ ಬೆಳೆದ ಕೆಲವು ಹುಡುಗಿಯರು ಅದನ್ನು ಮೊದಲ ಸಲ ತಿಂದರು. ನಾನು ಜಿಲಾನಸಾಬರ ಪಡಸಾಲೆಯಲ್ಲಿ ಮಲಗಿ ಬೆಳಿಗ್ಗೆ ಮಡ್ಡಿಗೆ ಹೋದರೆ, ಕನಕಮ್ಮ ತಲೆಗೆ ಸೆರಗು ಸುತ್ತಿ ಹುಡುಗಿಯರಿಗೆ ಹಗ್ಗದ ಗಂಟು ಕಲಿಸುತ್ತಿದ್ದರು. ಕಾಲೇಜಿನಲ್ಲಿ ಅವರ ದನಿ ಅಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ. ಮುಬಾಶಿರಾ ಮೇಡಂ ನೋಟ್ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಎರಡೂ ದಿನ ನಾನು ಎಣಿಸಿದೆ, ಎರಡೂ ದಿನ ಹತ್ತೊಂಬತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ ವಸ್ತಿ ಬಸ್ಸು ನಮ್ಮನ್ನು ಹತ್ತಿಸಿಕೊಂಡಿತು. ಎಲ್ಲರೂ ಕಾಲೇಜಿನ ನೀಲಿ ಚೂಡಿದಾರದಲ್ಲಿ. ಅದು ದಾರಿಯಲ್ಲಿ ತಡಮಾಡಿ, ನಾವು ಯಲಬುರ್ಗಾದಲ್ಲಿ ಇಳಿದಾಗ ಕೊಪ್ಪಳದ ಎಂಟರ ಬಸ್ಸು ಆಗಲೇ ಇಂಜಿನ್ ಚಾಲೂ ಮಾಡಿ ನಿಂತಿತ್ತು. ಸೋಮವಾರದ ಗದ್ದಲ, ಎಲ್ಲಿ ನೋಡಿದರೂ ಮಂದಿ. ಓಡಿದೆವು, ತಳ್ಳಿದೆವು, ಹತ್ತಿದೆವು. ನಾನು ನೀಲಿ ಚೂಡಿದಾರಗಳನ್ನು ಎಣಿಸಿದೆ. ಹತ್ತೊಂಬತ್ತು. ಇನ್ನೊಮ್ಮೆ ಎಣಿಸಿದೆ. ಹತ್ತೊಂಬತ್ತೇ. ಕಂಡಕ್ಟರಿಗೆ “ಎಲ್ಲಾ ಬಂದಾರ, ಬಿಡ್ರಿ,” ಅಂದೆ.

“ತಡೀರಿ,” ಅಂದರು ಕನಕಮ್ಮ. ಬಾಗಿಲ ಹತ್ತಿರ ನಿಂತು ಹಿಂದಿನಿಂದ ಮುಂದಿನವರೆಗೆ ಒಮ್ಮೆ ನೋಡಿದ್ದರು ಅಷ್ಟೆ. “ಜಾಸ್ಮೀನ ಇಲ್ಲ.”

“ಎರಡ ಸಲ ಎಣಿಸೀನಿ ಕನಕಮ್ಮ. ಸುಮ್ಮ ಕೂಡು.”

“ನೀವು ಎಣಿಸೀರಿ. ನಾ ಮಾರಿ ನೋಡೀನಿ.”

ನನ್ನ ಸಿಟ್ಟು ನೆತ್ತಿಗೇರಿತು. ಈ ಬಸ್ಸು ತಪ್ಪಿದರೆ ಮುಂದಿನದು ಒಂಬತ್ತಕ್ಕೆ. ಅದನ್ನು ಹಿಡಿದರೆ ಹತ್ತು ದಾಟುವುದು ಖಂಡಿತ, ಕ್ಯಾಂಪು ಮಣ್ಣುಪಾಲು, ರಿಜಿಸ್ಟರಿನಲ್ಲಿ ನನ್ನ ಹೆಸರು. ಬಸ್ಸಿನ ಮಂದಿ ಗೊಣಗತೊಡಗಿದರು. ಕನಕಮ್ಮ ಯಾರ ಜೊತೆಗೂ ವಾದಕ್ಕೆ ನಿಲ್ಲಲಿಲ್ಲ. ಮುಂದೆ ಹೋಗಿ, ಹೆಗಲ ಮೇಲಿನ ಕಂಬಳಿ ತೆಗೆದು, ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಹಾಸಿದರು.

“ಯಪ್ಪಾ, ಈ ಕಂಬಳಿ ಇಲ್ಲಿ ಇಟ್ಟ ಹೊಂಟೀನಿ. ನಾ ಬಂದು ಎತ್ತೂತನಕ ಗಾಡಿ ಬಿಡಬ್ಯಾಡ.”

ಇಳಿದು ಓಡಿದರು. ಐವತ್ತನಾಲ್ಕು ವರ್ಷದ ಹೆಂಗಸು, ಸೀರೆಯ ನಿರಿಗೆ ಎತ್ತಿ ಕಟ್ಟಿ, ಬಸ್ ಸ್ಟ್ಯಾಂಡಿನ ನಡುವೆ.

ನಾನು ಮೂರನೇ ಸಲ ಎಣಿಸಲು ಹೋದೆ. ಈ ಸಲ ಮುಖ ನೋಡುತ್ತ ಎಣಿಸಿದೆ. ಹನ್ನೆರಡನೆಯ ಸೀಟಿನಲ್ಲಿ ಸುರೇಖಾಳ ಪಕ್ಕ ಕೂತು ಹರಟುತ್ತಿದ್ದವಳು ದುರ್ಗಾದೇವಿ. ನಮ್ಮ ಕಾಲೇಜಿನವಳೇ, ನಮ್ಮದೇ ನೀಲಿ ಚೂಡಿದಾರ, ಆದರೆ ಕ್ಯಾಂಪಿಗೆ ಬಂದವಳಲ್ಲ. ಯಲಬುರ್ಗಾದಿಂದ ದಿನಾ ಇದೇ ಬಸ್ಸಿಗೆ ಬರುತ್ತಾಳೆ. ಹತ್ತೊಂಬತ್ತು ನಿಜ, ಆ ಹತ್ತೊಂಬತ್ತಲ್ಲ.

ಡ್ರೈವರಿಗೆ ಕೈ ಮುಗಿದು “ಇನ್ನ ಐದು ನಿಮಿಷ,” ಅನ್ನುವಷ್ಟರಲ್ಲಿ ಹಿಂದಿನಿಂದ ಒಬ್ಬ, “ಆ ಕಂಬಳಿ ಬಾಜೂಕ ಸರಿಸಿ ಬಿಡೋ ಮಾರಾಯ, ಡ್ಯೂಟಿ ಐತಿ ನಮಗ,” ಅಂತ ಕೂಗಿದ.

ಡ್ರೈವರ್ ಹಿಂದೆ ತಿರುಗಿದರು. “ನೀ ಬಂದ ಸರಸ ನೋಡೂಣು. ನನ್ನ ಕೈ ಅಂತೂ ಬರಂಗಿಲ್ಲ. ಆ ತಾಯಿ ಕಂಬಳಿ ಹಾಸಿ ಹೋಗ್ಯಾಳ.”

ಕೂಗಿದವನು ಎದ್ದು ಬರಲಿಲ್ಲ. ಇಡೀ ಬಸ್ಸು ಆ ಕರಿ ಕಂಬಳಿಯನ್ನು ನೋಡುತ್ತ ಕೂತಿತು.

ಕಿಟಕಿಯಿಂದ ನನಗೆ ಕಂಡದ್ದು ಇಷ್ಟು. ನಮ್ಮನ್ನು ತಂದ ವಸ್ತಿ ಬಸ್ಸು ಗಜೇಂದ್ರಗಡದ ಬೋರ್ಡು ಹಾಕಿಕೊಂಡು ಗೇಟಿನತ್ತ ತಿರುಗಿತ್ತು. ಕನಕಮ್ಮ ಅದರ ಎದುರಿಗೆ ಎರಡೂ ಕೈ ಚಾಚಿ ನಿಂತು ಒಂದು ಕೂಗು ಹಾಕಿದರು. ‘ಹುರ್ರ್ರೋ’ ಅಂತ ಏನೋ. ಅಂಥ ಕೂಗನ್ನು ನಾನು ಹೊಲದಲ್ಲಿ ಕೇಳಿದ್ದೆ, ಬಸ್ ಸ್ಟ್ಯಾಂಡಿನಲ್ಲಿ ಅಲ್ಲ. ಬಸ್ಸು ನಿಂತಿತು. ಹಣ್ಣಿನ ಅಂಗಡಿಯವನೂ ತಕ್ಕಡಿ ಹಿಡಿದುಕೊಂಡೇ ನಿಂತ. ಒಳಗೆ ಹೋದ ಕನಕಮ್ಮ, ಆಮೇಲೆ ತಿಳಿದ ಹಾಗೆ, ಕೊನೆಯ ಸೀಟಿನಲ್ಲಿ, ಯಾರದೋ ಗಂಟುಮೂಟೆಯ ಹಿಂದೆ, ಕಿವಿಗೆ ಇಯರ್‌ಫೋನ್ ಹಾಕಿ ಸತ್ತಂತೆ ನಿದ್ದೆ ಹೋಗಿದ್ದ ಜಾಸ್ಮೀನಳ ರಟ್ಟೆ ಹಿಡಿದು ಇಳಿಸಿಕೊಂಡು ಬಂದರು.

“ನಿನ್ನಿಯಿಂದ ಹಿಮ್ಮಡಿ ಬೊಬ್ಬಿ ಬಂದು ಹಿಂದ ಬೀಳಾಕತ್ತಿದ್ಲರಿ,” ಅಂದರು ಏದುಸಿರು ಬಿಡುತ್ತ, ನನಗೆ. “ಹಿಂದ ಬೀಳೂದನ್ನ ಮೊದಲ ಹುಡಕಬೇಕು.”

ಜಾಸ್ಮೀನ ಅಳುತ್ತಿದ್ದಳು. ಹುಡುಗಿಯರು ಅವಳನ್ನು ಒಳಗೆ ಎಳೆದುಕೊಂಡರು. ಕನಕಮ್ಮ ಬಾನೆಟ್ಟಿನ ಮೇಲಿನ ಕಂಬಳಿಯನ್ನು ಎತ್ತಿ, ಕಣ್ಣಿಗೆ ಒತ್ತಿ, ಹೆಗಲಿಗೆ ಹಾಕಿಕೊಂಡರು. ಡ್ರೈವರ್ ಗೇರು ಹಾಕಿದರು.

ನಾನು ಎದ್ದು ನನ್ನ ಸೀಟು ಬಿಟ್ಟುಕೊಟ್ಟೆ. “ಕೂಡ್ರಿ ಕನಕಮ್ಮಾರ,” ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ ಕೂತರು. ಕೊಪ್ಪಳದವರೆಗೆ ನಾನು ನಿಂತೇ ಬಂದೆ.

ಕಾಲೇಜಿನ ಗೇಟು ಹೊಕ್ಕಾಗ ಹತ್ತಕ್ಕೆ ಏಳು ನಿಮಿಷ ಇತ್ತು. ಪ್ರಾಂಶುಪಾಲರು ಮೆಟ್ಟಿಲ ಮೇಲೆ ಗಡಿಯಾರ ನೋಡುತ್ತ ನಿಂತಿದ್ದರು. ಮುಬಾಶಿರಾ ಮೇಡಂ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರು. ದುರ್ಗಾದೇವಿ ನಗುತ್ತ ಪಕ್ಕಕ್ಕೆ ಸರಿದು ನಿಂತಳು.

“ಕಾಶಿನಾಥ, ಎಣಿಸ್ರಿ. ಎಷ್ಟ ಮಂದಿ ಬಂದಾರ?”

ನಾನು ರಿಜಿಸ್ಟರು ತೆರೆದೆ, ಪೆನ್ನು ತೆಗೆದೆ, ಎಣಿಸಲಿಲ್ಲ. ಕನಕಮ್ಮನವರ ಕಡೆ ತಿರುಗಿದೆ. ಅವರು ಸಾಲಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಮುಖ ನೋಡುತ್ತ ಹೋದರು.

“ಎಲ್ಲಾರೂ ಬಂದಾರ್ರಿ,” ಅಂದರು.

ಸಂಖ್ಯೆ ಬರೆಯುವ ಕಾಲಮಿನಲ್ಲಿ ನಾನು ‘ಎಲ್ಲರೂ’ ಅಂತ ಬರೆದೆ. ಆಮೇಲೆ ಉಸ್ತುವಾರಿ ಅನ್ನುವಲ್ಲಿದ್ದ ನನ್ನ ಹೆಸರಿಗೆ ಒಂದು ಗೆರೆ ಎಳೆದು ಅದರ ಪಕ್ಕ ಅವರ ಹೆಸರು ಬರೆದು, ಸಹಿಗೆ ಪೆನ್ನು ಕೊಟ್ಟೆ. ಪ್ರಾಂಶುಪಾಲರು ಬಗ್ಗಿ ನೋಡಿದರು. ರಿಜಿಸ್ಟರಿನಲ್ಲಿ ಹಾಗೆಲ್ಲ ಗೆರೆ ಹೊಡೆಯಬಾರದು ಅಂತ ನನಗೆ ಪಾಠ ಹೇಳಿದವರೇ ಅವರು. ಆದರೆ ಈಗ ರಿಜಿಸ್ಟರಿನ ಅಂಚನ್ನು ತಾವೇ ಹಿಡಿದುಕೊಂಡರು. ಕನಕಮ್ಮ ಒಂದೊಂದೇ ಅಕ್ಷರ ಬಿಡಿಸಿ, ದೊಡ್ಡದಾಗಿ ಸಹಿ ಮಾಡಿದರು.

“ಕಾರಿಲ್ಲ, ಗಾಡಿ ಇಲ್ಲ. ಇಷ್ಟ ಮಂದೀನ ಹೆಂಗ ಸಂಭಾಳಿಸಿದೆವ್ವಾ ಕನಕಮ್ಮ?” ಅಂತ ಪ್ರಾಂಶುಪಾಲರು ಕೇಳಿದರು. ಕೊಂಕಿರಲಿಲ್ಲ, ನಿಜವಾಗಿಯೇ ಕೇಳಿದ್ದರು.

ಕನಕಮ್ಮ ಪೆನ್ನು ನನಗೆ ವಾಪಸು ಕೊಟ್ಟು, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡರು. ಇಡೀ ಕಾಲೇಜಿಗೆ ಕೇಳುವ ದನಿಯಲ್ಲಿ, ಮಡ್ಡಿಯ ಮೇಲಿನ ಆ ದನಿಯಲ್ಲೇ ಹೇಳಿದರು:

“ಕುರಿ ಕಾಯ್ದಾಕಿ ಅದೀನ್ರಿ ನಾ.”

ನಾನು ತಲೆ ಎತ್ತಲಿಲ್ಲ. ಹತ್ತು ಗಂಟೆಯಾಗಿತ್ತು. ಅವರು ಕಂಬಳಿ ಹೊತ್ತುಕೊಂಡೇ ಬೇವಿನ ಮರದ ಹತ್ತಿರ ಹೋಗಿ ಗಂಟೆ ಹೊಡೆದರು.